ಫೋಟೋ ತೆಗೆಯೋದು ಕಲಿಸೋರು ಯಾರು? ಗಜೇಂದ್ರಗಡದ ಗುಡ್ಡ, ನರಗುಂದದ ಕೋಟೆ ಮತ್ತು ಕ್ಯಾಮೆರಾ ಗೆಳೆತನ

ಗಜೇಂದ್ರಗಡ: ಒಂದೆರಡು ಒಳ್ಳೆ ಮಳೆ ಬಿದ್ದರೆ ಸಾಕು, ಗಜೇಂದ್ರಗಡದ ಗುಡ್ಡ ಹಸಿರಾಗುತ್ತದೆ, ವಾಟ್ಸಾಪ್ ಸ್ಟೇಟಸ್‌ಗಳೂ ಹಸಿರಾಗುತ್ತವೆ. ಕಾಲಕಾಲೇಶ್ವರದ ಮೆಟ್ಟಿಲು, ಗುಡ್ಡದ ಮೇಲಿನ ಗಾಳಿಯಂತ್ರ, ಕೋಟೆ ಗೋಡೆ, ಅದರಾಚೆ ಕಣ್ಣು ಹಾಯುವವರೆಗೆ ಯರಿಹೊಲ. ಮೊಬೈಲ್ ಇದ್ದವರೆಲ್ಲ ತೆಗೆಯುತ್ತಾರೆ. ಆದರೆ ಹತ್ತು ಫೋಟೋದಾಗ ಒಂದು ಮಾತ್ರ ‘ಇದು ನಮ್ಮೂರೇನು?’ ಅನ್ನಿಸುವಂಗ ಇರುತ್ತದೆ. ಆ ಒಂದರ ಹಿಂದೆ ಬಹಳ ಸಲ ದುಬಾರಿ ಕ್ಯಾಮೆರಾ ಇರೋದಿಲ್ಲ. ಮೊದಲೇ ಹತ್ತಾರು ಸಲ ಅದೇ ಗುಡ್ಡ ಹತ್ತಿದ ಒಬ್ಬ ಹಿರಿಯರು ಇರುತ್ತಾರೆ, ‘ಇನ್ನೊಂದ್ ಸ್ವಲ್ಪ ತಡಿ, ತಮ್ಮಾ’ ಅನ್ನೋರು.

ಭೂದೃಶ್ಯ ಛಾಯಾಗ್ರಹಣ ಅಂದರೆ ನೆಲ, ಆಕಾಶ, ಬೆಳಕು. ಮದುವೆ ಫೋಟೋದ ಹಾಗೆ ‘ಇತ್ತ ನೋಡ್ರಿ’ ಅಂತ ಹೇಳೋಕೆ ಇಲ್ಲಿ ಯಾರೂ ಇಲ್ಲ. ಹಾಗಾಗಿ ಇದನ್ನು ಪುಸ್ತಕಕ್ಕಿಂತ, ಯೂಟ್ಯೂಬ್‌ಗಿಂತ ಜೊತೆಗೆ ನಿಂತು ಕಲಿತವರೇ ಹೆಚ್ಚು. ಯೂಟ್ಯೂಬ್‌ನವರು ಹಿಮಾಲಯದ ಬಗ್ಗೆ, ಐಸ್‌ಲ್ಯಾಂಡ್ ಬಗ್ಗೆ ಹೇಳುತ್ತಾರೆ. ರೋಣದ ಯರಿಹೊಲದ ಬಗ್ಗೆ ಹೇಳೋರು ಊರಾಗೇ ಸಿಗಬೇಕು.

ಒಂದು ಉದಾಹರಣೆ ನೋಡಿ. ಹೊಸಬರು ಬಿತ್ತಿಗೆಗೆ ಸಿದ್ಧವಾದ ಯರಿಹೊಲದ ಫೋಟೋ ತೆಗೆದರೆ ಕರಿಮಣ್ಣು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಆಕಾಶ ಬೆಳ್ಳಗೆ ಸುಟ್ಟು ಹೋಗಿರುತ್ತದೆ. ಕ್ಯಾಮೆರಾ ಕೆಟ್ಟಿಲ್ಲ. ಅದರೊಳಗಿನ ಬೆಳಕಿನ ಮೀಟರ್ ಎದುರಿಗಿರುವ ಎಲ್ಲವೂ ಸರಾಸರಿ ಮಧ್ಯಮ ಬೂದು ಬಣ್ಣದ್ದು ಎಂದು ಲೆಕ್ಕ ಹಿಡಿಯುತ್ತದೆ. ಚೌಕಟ್ಟಿನ ಮುಕ್ಕಾಲು ಭಾಗ ಕರಿಮಣ್ಣೇ ಇದ್ದಾಗ ‘ಬೆಳಕು ಸಾಲದು’ ಎಂದು ತಿಳಿದು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಪರಿಹಾರ ಸರಳ. ಎಕ್ಸ್‌ಪೋಶರ್ ಕಾಂಪೆನ್ಸೇಷನ್ ಅನ್ನು ಮೈನಸ್ 1ರ ಹತ್ತಿರ ಇಡಬೇಕು. ಮೊಬೈಲ್‌ನಲ್ಲಾದರೆ ಆಕಾಶದ ಅಂಚನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಜಾರಿಸಬೇಕು. ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗೆ ತುಂಬಿದ್ದರೆ ಇದರ ಉಲ್ಟಾ, ತುಸು ಪ್ಲಸ್ ಕಡೆಗೆ. ಎರಡೇ ನಿಮಿಷದ ಪಾಠ. ಹೇಳಿಕೊಡುವವರು ಇಲ್ಲದಿದ್ದರೆ ಎರಡು ವರ್ಷ ಹಿಡಿಯುತ್ತದೆ.

ಗಾಳಿಯದೂ ಹಾಗೇ. ಗುಡ್ಡದ ಮೇಲೆ ಗಾಳಿಯಂತ್ರ ಹಾಕಿದ್ದಾರೆ ಅಂದರೆ ಅಲ್ಲಿ ಗಾಳಿ ಸುಮ್ಮನೆ ಇರೋದಿಲ್ಲ ಅಂತಲೇ ಅರ್ಥ. ಆಷಾಢದಾಗ ಟ್ರೈಪಾಡ್ ನಡುಗಿ ಫೋಟೋ ಮಬ್ಬಾಗುತ್ತದೆ. ಅನುಭವಸ್ಥರು ಟ್ರೈಪಾಡ್‌ನ ನಡುಗಂಬಕ್ಕೆ ಬ್ಯಾಗ್ ತೂಗು ಹಾಕುತ್ತಾರೆ, ಕಾಲುಗಳನ್ನು ಪೂರ್ತಿ ಎತ್ತೋದಿಲ್ಲ, ಬಂಡೆಯ ಮರೆಗೆ ನಿಲ್ಲುತ್ತಾರೆ.

ಇನ್ನು ಸೂರ್ಯ. ನರಗುಂದದ ಗುಡ್ಡ ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತಿರುವುದರಿಂದ ಸುತ್ತಲಿನ ಯಾವ ದಾರಿಯಿಂದಲೂ ಅದನ್ನು ಫೋಟೋ ಮಾಡಬಹುದು. ಆದರೆ ಸೂರ್ಯ ಗುಡ್ಡದ ಯಾವ ಮಗ್ಗುಲಿಂದ ಏಳುತ್ತಾನೆ ಎಂಬುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನಮ್ಮ ಭಾಗದಲ್ಲಿ ಜೂನ್ ಕೊನೆಗೆ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಮೇ ಮೊದಲ ವಾರ ಮತ್ತು ಆಗಸ್ಟ್ 9ರ ಆಸುಪಾಸು ಮಧ್ಯಾಹ್ನ ನೆತ್ತಿಯ ಮೇಲೇ ಬರುತ್ತಾನೆ. ಆಗ ಕೋಟೆ ಗೋಡೆಗೆ ನೆರಳೇ ಇರೋದಿಲ್ಲ, ಫೋಟೋದಾಗ ಕಲ್ಲು ಚಪ್ಪಟೆ ಕಾಣುತ್ತದೆ. ಇದಕ್ಕೆ ಈಗ ಆ್ಯಪ್‌ಗಳಿವೆ. ಆದರೆ ಯಾವ ಹೊಲದಾಗ ಈ ವರ್ಷ ಕುಸುಬಿ ಹಾಕ್ಯಾರ, ಯಾವ ಬದುವಿನ ಮ್ಯಾಲೆ ನಿಂತರೆ ಕರೆಂಟ್ ತಂತಿ ಅಡ್ಡ ಬರೋದಿಲ್ಲ ಅಂತ ಆ್ಯಪ್ ಹೇಳೋದಿಲ್ಲ. ಅದನ್ನು ಗೆಳೆಯ ಹೇಳಬೇಕು, ಇಲ್ಲಾ ಹೊಲದ ಮಾಲಕರು ಹೇಳಬೇಕು.

ಒಬ್ಬರಿಂದ ಒಬ್ಬರಿಗೆ ಬಂದ ಕೆಲಸ

ಈ ನೆಲಕ್ಕೆ ಕ್ಯಾಮೆರಾ ಬಂದಿದ್ದು ನಿನ್ನೆ ಮೊನ್ನೆ ಅಲ್ಲ. 1855ರಲ್ಲಿ ಬೊಂಬಾಯಿ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಹಳೆಯ ಕಟ್ಟಡಗಳ ಫೋಟೋ ತೆಗೆಯಲು ನೇಮಿಸಿತು. ಆತ ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಕಡೆ ತಿರುಗಾಡಿದ. ವರ್ಷ ತುಂಬುವುದರೊಳಗೆ ಸೇನೆ ವಾಪಸ್ ಕರೆಸಿಕೊಂಡಿತು. ಆ ಕೆಲಸವನ್ನು ಮುಂದುವರಿಸಿದ್ದು ವಿಲಿಯಂ ಪಿಗೂ ಎಂಬ ವೈದ್ಯ. ಇನ್ನೊಬ್ಬ ವೈದ್ಯ ನೀಲ್ ಎಂಬಾತ ಮೈಸೂರು ಸೀಮೆಯಲ್ಲಿ ಇದೇ ಕೆಲಸ ಮಾಡಿದ್ದ. ಮೂವರ ಫೋಟೋಗಳೂ ಸೇರಿ 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗ್ಗೆ ಲಂಡನ್‌ನಲ್ಲಿ ದೊಡ್ಡ ಪುಸ್ತಕ ಬಂತು. ಅದಕ್ಕೆ ಬರೆದವರಲ್ಲಿ ಒಬ್ಬರು ಸುರಪುರದಲ್ಲಿದ್ದ ಮೆಡೋಸ್ ಟೇಲರ್. ರೋಣ, ನರಗುಂದ ಕೂಡ ಮುಂದೆ ಬಹುಕಾಲ ಅದೇ ಧಾರವಾಡ ಜಿಲ್ಲೆಯಲ್ಲಿದ್ದವು. ಗದಗ ಜಿಲ್ಲೆ ಆಗಿದ್ದು 1997ರಲ್ಲಿ. ಬಿಗ್ಸ್ ತಿರುಗಾಡಿದ ಮೂರೇ ವರ್ಷಕ್ಕೆ, 1858ರಲ್ಲಿ, ನರಗುಂದದ ಬಾಬಾಸಾಹೇಬರು ಕಂಪನಿ ಸರ್ಕಾರದ ವಿರುದ್ಧ ಎದ್ದರು ಎಂಬುದನ್ನು ನೆನೆದರೆ ಆ ಫೋಟೋಗಳ ಕಾಲ ಯಾವುದೆಂದು ಅಂದಾಜಾಗುತ್ತದೆ.

ಹಂಪಿಯ ಕಥೆ ಇನ್ನೂ ಚಂದ. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್ ಹಿಡಿದು ಹಂಪಿಯನ್ನು ಚಿತ್ರಿಸಿದ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಅವೇ ಜಾಗ ಹುಡುಕಿ, ಅದೇ ಕೋನದಿಂದ ಮತ್ತೆ ಫೋಟೋ ತೆಗೆದರು. ಇಬ್ಬರ ನಡುವೆ 127 ವರ್ಷದ ಅಂತರ. ಮುಖ ನೋಡದ ಗುರುವಿನ ಕೈಕೆಳಗೆ ಕಲಿತಂತೆ ಆಯಿತು. ಹಳೆ ಫೋಟೋದ ಜಾಗಕ್ಕೇ ಹೋಗಿ ನಿಲ್ಲೋದು ಕಲಿಯೋಕೆ ಅತ್ಯುತ್ತಮ ದಾರಿ. ಊರಿನ ಹಳೆ ಸ್ಟುಡಿಯೋಗಳಲ್ಲಿ, ಮನೆಗಳ ಪಡಸಾಲೆ ಗೋಡೆಯ ಮೇಲೆ ಕೋಟೆಯ, ಕೆರೆಯ, ಜಾತ್ರೆಯ ಕಪ್ಪು ಬಿಳುಪು ಫೋಟೋ ಇದ್ದರೆ ಹುಡುಗರು ಅದನ್ನು ಹಿಡಿದು ಹೊರಡಬಹುದು.

ಕರ್ನಾಟಕದಲ್ಲಿ ಗುರು ಶಿಷ್ಯ ಸಾಲು ಅಂದಕೂಡಲೇ ಬರುವ ಹೆಸರು ಟಿ.ಎನ್.ಎ. ಪೆರುಮಾಳ್ ಅವರದು. ಅವರದು ಕಾಡು, ಪಕ್ಷಿಗಳ ಫೋಟೋ. ಆದರೆ ಕಲಿಕೆಯ ರೀತಿ ಒಂದೇ. ಬೆಂಗಳೂರಿನ ಒ.ಸಿ. ಎಡ್ವರ್ಡ್ಸ್ ಅವರಿಂದ ಕಲಿತ ಪೆರುಮಾಳ್, 2017ರಲ್ಲಿ ತೀರಿಕೊಳ್ಳುವವರೆಗೂ ಕಿರಿಯರಿಗೆ ಹೇಳಿಕೊಡುತ್ತಲೇ ಇದ್ದರು. ನಮಗೆ ಹತ್ತಿರದ ಸಂಡೂರಿನ ಎಂ.ವೈ. ಘೋರ್ಪಡೆ ಅವರು ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು, ಜೊತೆಗೆ ಹೆಸರಾಂತ ಛಾಯಾಗ್ರಾಹಕರು. (ಗಜೇಂದ್ರಗಡವನ್ನು ಆಳಿದ್ದೂ ಘೋರ್ಪಡೆ ಮನೆತನದವರೇ.) 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳಿಂದ ಸದಸ್ಯರಿಗೆ ದೊಡ್ಡ ಲಾಭ ಅಂದರೆ ಟೀಕೆ. ಫೋಟೋವನ್ನು ಹತ್ತು ಜನರ ಮುಂದೆ ಇಟ್ಟು, ತಪ್ಪು ಹೇಳಿಸಿಕೊಳ್ಳೋದು. ನಮ್ಮ ಗುಂಪುಗಳಲ್ಲಿ ‘ಸೂಪರ್ ಅಣ್ಣಾ’, ಮೂರು ಬೆಂಕಿ ಗುರುತು, ಅಲ್ಲಿಗೆ ಮುಗೀತು. ಗೆಳೆತನ ಉಳಿಯುತ್ತದೆ, ಫೋಟೋ ಸುಧಾರಿಸೋದಿಲ್ಲ.

ಸ್ಟುಡಿಯೋ ಅಂದರೆ ಶಾಲೆ

ಸಣ್ಣ ಊರುಗಳಲ್ಲಿ ಈ ವಿದ್ಯೆ ಬಂದಿದ್ದು ಸಂಘಗಳಿಂದಲ್ಲ, ಸ್ಟುಡಿಯೋಗಳಿಂದ. ಹುಡುಗ ಮೊದಲು ಅಂಗಡಿ ಕಸ ಹೊಡೆಯುತ್ತಿದ್ದ, ಆಮೇಲೆ ಲೈಟ್ ಹಿಡಿಯುತ್ತಿದ್ದ, ಆಮೇಲೆ ಡಾರ್ಕ್ ರೂಮಿನ ಕೆಂಪು ಬೆಳಕಿನಾಗ ಕಾಗದದ ಮೇಲೆ ಚಿತ್ರ ಮೂಡೋದನ್ನು ನೋಡುತ್ತಿದ್ದ. ಒಂದು ರೋಲ್‌ಗೆ 36 ಫೋಟೋ, ಹಾಳು ಮಾಡಿದರೆ ಮಾಲಕರ ದುಡ್ಡು. ಹಾಗಾಗಿ ಬಟನ್ ಒತ್ತುವ ಮೊದಲು ನೋಡೋದು ತಾನಾಗಿ ಬರುತ್ತಿತ್ತು. ಡಿಜಿಟಲ್ ಬಂದ ಮೇಲೆ ಡಾರ್ಕ್ ರೂಮ್ ಹೋಯಿತು, ಮೊಬೈಲ್ ಬಂದ ಮೇಲೆ ಪಾಸ್‌ಪೋರ್ಟ್ ಫೋಟೋದ ಗಿರಾಕಿಯೂ ಕಡಿಮೆ. ಉಳಿದಿದ್ದು ಮದುವೆ ಸೀಸನ್. ಸ್ಟುಡಿಯೋ ಒಂದು ಮುಚ್ಚಿದರೆ ಅಂಗಡಿಯ ಜೊತೆಗೆ, ಆ ಓಣಿಯ ಹುಡುಗರಿಗೆ ಬೆಳಕು ಕಲಿಸುತ್ತಿದ್ದ ಜಾಗವೂ ಹೋಗುತ್ತದೆ.

ಇದರಾಗ ಒಂದು ಅನುಕೂಲವೂ ಇದೆ. ಮದುವೆಗಳಿಲ್ಲದ ತಿಂಗಳುಗಳೇ ನಮ್ಮ ಭಾಗದ ನೆಲ ಚಂದ ಕಾಣುವ ತಿಂಗಳುಗಳು. ಆಷಾಢದಲ್ಲಿ ಮೋಡ, ಮುಂಗಾರಿ ಹೆಸರಿನ ಹಸಿರು. ಧನುರ್ಮಾಸದಲ್ಲಿ ಬೆಳಗಿನ ಮಂಜು, ಹಿಂಗಾರಿ ಬಿಳಿಜೋಳ, ಕಡ್ಲಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ದಿನ ಬಯಲಿನ ತುಂಬ ಸೀರೆಗಳ ಬಣ್ಣ. ಕೆಲಸವಿಲ್ಲದ ಆ ದಿನಗಳಲ್ಲಿ ಸ್ಟುಡಿಯೋದವರು ನಾಲ್ಕು ಹುಡುಗರನ್ನು ಕರೆದುಕೊಂಡು ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡದ ಕಡೆ ಹೋದರೆ ಅದೇ ತರಗತಿ. ಸಂರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್‌ಗೆ ಅನುಮತಿ ಬೇಕು, ಅದನ್ನು ಮೊದಲೇ ಕೇಳಿಕೊಳ್ಳಬೇಕು.

ಗೆಳೆಯರ ನಡುವೆ ಜಗಳವೂ ಇಲ್ಲಿ ಉಂಟು. ಹಿರಿಯರು ತೋರಿಸಿದ ಜಾಗದಿಂದಲೇ ಅದೇ ಫೋಟೋ ತೆಗೆದು ತನ್ನ ಹೆಸರಿನಲ್ಲಿ ಹಾಕಿಕೊಂಡರೆ ಕಾನೂನಿನ ತಪ್ಪೇನಲ್ಲ, ಆದರೆ ಮುಂದಿನ ಸಲ ಕರೆಯೋದಿಲ್ಲ. ಅವರು ತೆಗೆದ ಫೋಟೋವನ್ನೇ ಎತ್ತಿ ಹಾಕಿದರೆ ಮಾತ್ರ ಅದು ಬೇರೆ ವಿಷಯ. ಒಬ್ಬರೇ ಕೋಟೆ ಅಂಚಿಗೆ ಹೋಗೋದು ಬೇಡ ಅನ್ನೋದೂ ಇದೇ ಗೆಳೆತನದ ನಿಯಮ. ಮಳೆಗಾಲದಾಗ ಬಂಡೆ ಪಾಚಿಗಟ್ಟಿರುತ್ತದೆ, ಕ್ಯಾಮೆರಾದೊಳಗೆ ಕಣ್ಣಿಟ್ಟವರಿಗೆ ಕಾಲ ಬುಡ ಕಾಣೋದಿಲ್ಲ. ಬೆಳೆ ತುಳಿಯದೆ ಬದುವಿನ ಮೇಲೆ ನಡೆಯಬೇಕು, ಹೊಲದಾಗ ಇದ್ದವರನ್ನು ‘ಕಾಕಾ, ಒಂದ್ ಫೋಟೋ ತಕ್ಕೊಳ್ಳೇನ್ರಿ?’ ಎಂದು ಕೇಳಬೇಕು.

ಅಂಗಡಿಕಾರರು ತಿಳಿದಿರಬೇಕಾದ್ದೂ ಒಂದಿದೆ. ಗ್ರೂಪಿನಾಗ ಬಂದ ಕೋಟೆ ಫೋಟೋವನ್ನು ಎತ್ತಿ ಫ್ಲೆಕ್ಸ್‌ಗೆ, ಕ್ಯಾಲೆಂಡರ್‌ಗೆ, ಮಿಠಾಯಿ ಡಬ್ಬಿಗೆ ಹಾಕೋದು ರೂಢಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸ್ವಂತಕ್ಕೆ ತೆಗೆದ ಫೋಟೋದ ಹಕ್ಕು ತೆಗೆದವರದು, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷದವರೆಗೆ. ನೀವೇ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ಹಕ್ಕು ನಿಮ್ಮದು. ಆದರೂ ‘ಇದನ್ನು ತೆಗೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಛಾಯಾಗ್ರಾಹಕರ ಬಳಿಯೇ ಉಳಿಯುತ್ತದೆ. ಮುಂಬೈ, ಶಿವಕಾಶಿಯ ಸಿದ್ಧ ಚಿತ್ರದ ಬದಲು ನಮ್ಮದೇ ಗುಡ್ಡದ ಫೋಟೋ ಬೇಕೆಂದರೆ ಊರಿನ ಸ್ಟುಡಿಯೋದವರನ್ನೇ ಕೇಳಬಹುದು. ದೀಪಾವಳಿ ಹೊತ್ತಿಗೆ ಕ್ಯಾಲೆಂಡರ್ ಆರ್ಡರ್ ಹೋಗುವುದರಿಂದ ಹಸಿರು ಗುಡ್ಡ ಬೇಕಾದವರು ಆಷಾಢ, ಶ್ರಾವಣದಲ್ಲೇ ಹೇಳಿಡಬೇಕು.