ಎಲೆಯ ಮೇಲೊಂದು ಬಾಣಂತನ

ಸಂಜೆ ಆರೂವರೆ. ಹಾಲ್‌ನ ದೀಪ ಇನ್ನೂ ಹಾಕಿಲ್ಲ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯ ಬೆಳಕೊಂದೇ ಗೋಡೆಯ ಮೇಲೆ ಅಲುಗುತ್ತಿದೆ. ಎಡಮೂಲೆಯ ಅಮೆಜಾನ್ ಸ್ವೋರ್ಡ್ ಗಿಡದ ಅಗಲ ಎಲೆಯೊಂದನ್ನು ಎರಡು ಏಂಜಲ್ ಮೀನುಗಳು ಬಾಯಿಯಲ್ಲೇ ಉಜ್ಜುತ್ತಿವೆ. ಹಬ್ಬದ ಮುನ್ನಾದಿನ ಹೊಸ್ತಿಲು ತೊಳೆಯುವವರ ಹಾಗೆ, ಉಜ್ಜಿದ ಜಾಗವನ್ನೇ ಮತ್ತೆ ಮತ್ತೆ. ಉಳಿದ ನಾಲ್ಕು ಏಂಜಲ್‌ಗಳು, ಟೆಟ್ರಾಗಳ ಗುಂಪು, ಎಲ್ಲವೂ ಬಲತುದಿಗೆ ಒತ್ತಿಕೊಂಡಿವೆ. ಯಾವುದಾದರೂ ಗೇಣುದ್ದ ಮುಂದೆ ಬಂದರೆ ಸಾಕು, ಗಂಡು ರೆಕ್ಕೆಯಗಲಿಸಿ ಮೇಲೆರಗುತ್ತದೆ.

"ಅಪ್ಪಾ, ಇವತ್ತೇ ಇಡುತ್ತೆ ನೋಡು," ಎಂದು ಮಗಳು ಪಿಸುಗುಟ್ಟಿದಳು. ಹೆಣ್ಣಿನ ಹೊಟ್ಟೆಯಡಿ ಪುಟ್ಟ ನಳಿಕೆ ಹೊರಬಂದದ್ದನ್ನು ಮೊದಲು ಕಂಡವಳು ಅವಳೇ. ಏಂಜಲ್‌ಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಖಚಿತವಾಗುವುದು ಆಗಲೇ. ಹೆಣ್ಣಿನ ನಳಿಕೆ ದಪ್ಪ, ಮೊಂಡು. ಗಂಡಿನದು ಸಣ್ಣ, ಚೂಪು. ಹಾಗಾಗಿ ಅಂಗಡಿಯಲ್ಲಿ ಕಣ್ಣಳತೆಯಲ್ಲಿ ಜೋಡಿ ಆರಿಸುವುದನ್ನು ನಾನು ನಂಬುವುದಿಲ್ಲ. ರೂಪಾಯಿ ನಾಣ್ಯದಷ್ಟಗಲದ ಆರು ಮರಿಗಳನ್ನು ತಂದು ಒಟ್ಟಿಗೆ ಬೆಳೆಸಿದೆ. ಹತ್ತು ತಿಂಗಳಾದ ಮೇಲೆ ಈ ಎರಡು ತಾವಾಗಿಯೇ ಒಂದನ್ನೊಂದು ಒಪ್ಪಿಕೊಂಡವು.

ಏಳರ ಹೊತ್ತಿಗೆ ಶುರುವಾಯಿತು. ಹೆಣ್ಣು ಹೊಟ್ಟೆಯನ್ನು ಎಲೆಗೆ ತಾಗಿಸಿ ಮೆಲ್ಲಗೆ ಮೇಲೇರುತ್ತದೆ. ಅದು ಹೋದ ದಾರಿಯಲ್ಲಿ ರಾಗಿಕಾಳಿನಷ್ಟು ದಪ್ಪದ, ಕರಗಿದ ತುಪ್ಪದ ಬಣ್ಣದ ಮೊಟ್ಟೆಗಳ ಸಾಲು. ಹಿಂದೆಯೇ ಗಂಡು ಅದೇ ಸಾಲಿನ ಮೇಲೆ ಸವರಿಕೊಂಡು ಹೋಗುತ್ತದೆ. ಮತ್ತೆ ಹೆಣ್ಣು, ಮತ್ತೆ ಗಂಡು. ಒಂದೂವರೆ ಗಂಟೆಯಲ್ಲಿ ಎಲೆ ತುಂಬಿತು. ಮುನ್ನೂರರ ಆಸುಪಾಸು ಇರಬೇಕು.

ಇದು ಮೂರನೆಯ ಸಲ. ಮೊದಲ ಸಲ ಬೆಳಗೆದ್ದು ನೋಡುವಾಗ ಎಲೆ ಬರಿದಾಗಿತ್ತು. ತಳದಲ್ಲಿ ಸಕ್ಕರ್ ಮೀನು ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿತ್ತು. ದೀಪ ಆರಿಸಿದರೆ ಏಂಜಲ್‌ಗಳಿಗೆ ಕಣ್ಣು ಕಾಣುವುದಿಲ್ಲ. ಸಕ್ಕರ್ ಓಡಾಡುವುದು ಕತ್ತಲಲ್ಲೇ. ತಪ್ಪು ನನ್ನದು. ಎರಡನೆಯ ಸಲ ಎಲೆಯನ್ನೇ ಕತ್ತರಿಸಿ ಬೇರೆ ಡಬ್ಬಿಗೆ ಹಾಕಿ, ಗಾಳಿಯ ಗುಳ್ಳೆ ಬಿಟ್ಟು, ಬೂಷ್ಟು ಹಿಡಿಯದಂತೆ ಮೆಥಿಲೀನ್ ಬ್ಲೂ ಹನಿಸಿದೆ. ಮರಿಗಳೇನೋ ಆದವು. ಆದರೆ ಎರಡು ದಿನ ಆ ಜೋಡಿ ಎಲೆಯಿದ್ದ ಜಾಗವನ್ನೇ ಸುತ್ತುತ್ತಿದ್ದದ್ದನ್ನು ನೋಡಿದ ಮೇಲೆ ಇನ್ನು ಹಾಗೆ ಮಾಡಬಾರದು ಅನ್ನಿಸಿತು. ಮಾರುವವರಿಗೆ ಅದೇ ಸರಿಯಾದ ದಾರಿ. ಮನೆಯಲ್ಲಿ ಸಾಕುವವರು ತಂದೆತಾಯಿಗೆ ಅವಕಾಶ ಕೊಡಬೇಕು.

ಈ ಸಲ ಸಕ್ಕರ್ ಮೀನನ್ನು ಬಕೆಟ್ಟಿಗೆ ಕಳಿಸಿ, ತೊಟ್ಟಿಯ ನಡುವೆ ಪ್ಲಾಸ್ಟಿಕ್ ಜಾಲರಿ ನಿಲ್ಲಿಸಿದೆ. ನೀರು ಹಾಯುತ್ತದೆ, ಮೀನು ದಾಟುವುದಿಲ್ಲ. ಫಿಲ್ಟರಿನ ಬಾಯಿಗೆ ಸ್ಪಂಜು. ರಾತ್ರಿಗೆ ಒಂದು ಜೀರೋ ಬಲ್ಬು. ನಮ್ಮ ಬೋರ್‌ವೆಲ್ ನೀರು ತೀರಾ ಗಡಸು, ಅದರಲ್ಲಿ ಮೊಟ್ಟೆ ಸರಿಯಾಗಿ ಫಲಿಸುವುದಿಲ್ಲ. ಕಾವೇರಿ ನೀರನ್ನೇ ಕ್ಲೋರಿನ್ ತೆಗೆದು ಹಾಕಿ, ಬೀದಿಯ ಕಾಡುಬಾದಾಮಿ ಮರದಿಂದ ಉದುರಿದ ಒಣ ಎಲೆ ಎರಡನ್ನು ತೊಳೆದು ಮುಳುಗಿಸಿದ್ದೆ. ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿತ್ತು. ಎಲೆ, ಕೊಂಬೆ ಕೊಳೆತು ಕಂದಾದ ಅಮೆಜಾನಿನ ನಿಧಾನ ಹೊಳೆಗಳಲ್ಲಿ ಹುಟ್ಟಿಬಂದ ಕುಲ ಇದು. ಮೈಮೇಲಿನ ಆ ಕರಿಪಟ್ಟೆಗಳು ಮುಳುಗಿದ ಬೇರುಗಳ ನಡುವೆ ಅಡಗುವುದಕ್ಕೆ ಹೇಳಿ ಮಾಡಿಸಿದಂಥವು.

ಅಮ್ಮ ಬಂದು ನೋಡಿ, "ಬಾಣಂತಿ ಕೋಣೆಗೆ ಹೀಗೆ ಇಣುಕ್ತಾರೇನೋ?" ಎಂದು ತನ್ನ ಹಳೇ ಹತ್ತಿ ಸೀರೆಯನ್ನು ಗಾಜಿಗೆ ಇಳಿಬಿಟ್ಟಳು. ಅದೂ ಸರಿಯೇ. ಎದುರಿಗೆ ಜನ ಓಡಾಡಿ ಗಾಬರಿಯಾದರೆ ಇವು ತಮ್ಮ ಮೊಟ್ಟೆಯನ್ನು ತಾವೇ ತಿಂದುಬಿಡುತ್ತವೆ.

ಸೀರೆಯ ಅಂಚು ಸರಿಸಿ ನೋಡಿದಾಗಲೆಲ್ಲ ಒಂದಲ್ಲ ಒಂದು ಮೀನು ಎಲೆಯೆದುರು ನಿಂತು ರೆಕ್ಕೆಯಲ್ಲಿ ಗಾಳಿ ಬೀಸುತ್ತಿರುತ್ತಿತ್ತು. ಬಿಳುಪೇರಿದ ಮೊಟ್ಟೆ ಸತ್ತದ್ದು. ಅದರ ಬೂಷ್ಟು ಪಕ್ಕದ್ದಕ್ಕೆ ಹಬ್ಬುವ ಮೊದಲೇ ಅದನ್ನು ಆರಿಸಿ ತೆಗೆಯುತ್ತಿದ್ದವು. ಮೂರನೆಯ ದಿನ ಎಲೆಯ ತುಂಬ ಸಣ್ಣ ಬಾಲಗಳು ಮಿಡುಕಿದವು. ತಲೆಯ ಅಂಟಿನಿಂದ ಎಲೆಗೇ ಕಚ್ಚಿಕೊಂಡ ಮರಿಗಳು. ಇನ್ನು ಐದು ದಿನ ಅವುಗಳಿಗೆ ಮೊಟ್ಟೆಯ ಭಂಡಾರವೇ ಊಟ.

ಆಮೇಲಿನ ಊಟಕ್ಕೆ ಅಡುಗೆಮನೆಯಲ್ಲಿ ತಯಾರಿ ನಡೆಯಿತು. ಬುಡ ಕತ್ತರಿಸಿ ತಲೆಕೆಳಗು ಮಾಡಿದ ಸೋಡಾ ಬಾಟಲಿ, ಉಪ್ಪುನೀರು, ಗಾಳಿಯ ಪಂಪು, ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯ ಒಂದು ಚಿಟಿಕೆ ಮೊಟ್ಟೆ. ಒಂದು ದಿನ ಕಳೆದರೆ ನೀರಿನಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಜೀವಂತವಾಗಿ ಕುಣಿಯುತ್ತವೆ. ಎಲ್ಲ ಬದುಕಿದರೆ ಎಲ್ಲಿಡುತ್ತೀರಿ ಎಂದು ಕೇಳಿದವರುಂಟು. ನಾಣ್ಯದಷ್ಟಾದ ಮೇಲೆ ತೆಗೆದುಕೊಳ್ಳುತ್ತೇನೆ ಎಂದು ಅಂಗಡಿಯವರೊಬ್ಬರ ಮಾತು ಪಡೆದಿದ್ದೇನೆ. ಕೆರೆಗೆ ಮಾತ್ರ ಒಂದನ್ನೂ ಬಿಡುವುದಿಲ್ಲ. ಬೇಡವಾದ ಸಕ್ಕರ್ ಮೀನುಗಳನ್ನು ಬಿಟ್ಟು ಬಿಟ್ಟು ನಮ್ಮ ಕೆರೆಗಳಿಗೆ ಆಗಿರುವ ಹಾನಿ ಸಾಕು.

ಎಂಟನೆಯ ದಿನ ಬೆಳಿಗ್ಗೆ ಎಲೆ ಖಾಲಿ. ನನ್ನೆದೆ ಧಸಕ್ಕೆಂದಿತು. ಮರುಗಳಿಗೆಯಲ್ಲಿ ಕಂಡಿತು: ಎರಡೂ ಏಂಜಲ್‌ಗಳ ನಡುವೆ ಬೂದಿ ಬಣ್ಣದ ಮಂಜಿನಂತೆ ತೇಲುವ ಮರಿಗಳ ಹಿಂಡು. ಅಮ್ಮ, ಮಗಳು, ನಾನು, ಮೂವರೂ ಸೀರೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಒಂದು ಮರಿ ದಾರಿ ತಪ್ಪಿ ಜಾಲರಿಯತ್ತ ಜಾರಿತು. ಗಂಡು ಚಂಗನೆ ಹೋಗಿ ಅದನ್ನು ಬಾಯಿಗೆ ಹಾಕಿಕೊಂಡಿತು.

"ಅಯ್ಯೋ, ತಿಂದೇಬಿಡ್ತಲ್ಲೋ!" ಎಂದಳು ಅಮ್ಮ.

ಗಂಡು ನಿಧಾನವಾಗಿ ಹಿಂದಿರುಗಿ ಬಂದು, ಹಿಂಡಿನ ನಟ್ಟನಡುವೆ ಬಾಯಿ ತೆರೆದು, ಮರಿಯನ್ನು ಉಗುಳಿತು.