ಯಡಿಯೂರಿನಿಂದ ಬಿಸಿಲೆಗೆ, ಹಕ್ಕಿಗಾಗಿ

ಯಡಿಯೂರು ಸಿದ್ಧಲಿಂಗೇಶ್ವರನಿಗೆ ಕೈಮುಗಿದು, ನಸುಕಿನಲ್ಲೇ ಹೆದ್ದಾರಿ 75 ಹಿಡಿಯಿರಿ. ಹಾಸನ, ಸಕಲೇಶಪುರ ದಾಟಿದರೆ ಬಿಸಿಲೆ ಮಳೆಕಾಡು. ಹೆಸರಷ್ಟೇ ಬಿಸಿಲೆ, ಒಳಗೆ ಬಿಸಿಲು ಅಪರೂಪ! ಮಳೆಗಾಲವಾದರೆ ಇಂಬಳಗಳ ಸ್ವಾಗತ.

ಇಲ್ಲಿ ಹಕ್ಕಿ ಹುಡುಕಿ ಅಲೀಬೇಡಿ, ಸುಮ್ಮನೆ ನಿಂತುಬಿಡಿ. ಎಷ್ಟೋ ಹೊತ್ತು ಸದ್ದೇ ಇರಲ್ಲ. ಆಮೇಲೆ ಒಮ್ಮೆಲೇ ಬೇರೆ ಬೇರೆ ಜಾತಿಯ ಹಕ್ಕಿಗಳು ಸಂತೆಗೆ ಹೊರಟಂತೆ ಒಟ್ಟಾಗಿ ಬರುತ್ತವೆ. ಒಂದು ಎಬ್ಬಿಸಿದ ಹುಳು ಇನ್ನೊಂದರ ಬಾಯಿಗೆ. ಜೊತೆಗೆ ಭೀಮರಾಜ: ಬಾಲದಲ್ಲಿ ಎರಡು ತಂತಿ, ಗಂಟಲಲ್ಲಿ ಮಿಮಿಕ್ರಿ. ಬರೀ ದನಿ ಕೇಳಿ ಹೆಸರು ಬರೆದುಕೊಂಡ್ರೆ ಮೋಸ ಹೋಗ್ತೀರಿ. ಮೇಲೆ ಯಾರೋ ಗಹಗಹಿಸಿ ನಕ್ಕರಾ? ಅದು ಮಲಬಾರ್ ಬೂದು ಮಂಗಟ್ಟೆ. ಪಶ್ಚಿಮಘಟ್ಟದ ಸೀಮೆ ಬಿಟ್ಟರೆ ಇನ್ನೆಲ್ಲೂ ಸಿಗಲ್ಲ.

ಅಂದಹಾಗೆ, ಇಲ್ಲೇ ಮಂಕನಹಳ್ಳಿ ದಿಣ್ಣೆಯಲ್ಲಿ ಮಳೆನೀರು ಇಬ್ಭಾಗ. ಒಂದು ಪಾಲು ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಹೇಮಾವತಿಗೆ. ನಾಲೆಯಲ್ಲಿ ನಮ್ಮ ತುಮಕೂರು ಸೀಮೆಗೆ ಬರೋದೂ ಅದೇ ಹೇಮಾವತಿ.