ರಂಧ್ರದ ಒಳವ್ಯಾಸವನ್ನು ಅಳೆಯುವ ಬಗೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸವನ್ನಾರಂಭಿಸಿತು. ಅಂದಿನಿಂದ ಲೋಹದ ಕಸುಬು ಈ ಸೀಮೆಯ ಜನರಿಗೆ ಹೊಸತಲ್ಲ. ಇಂದು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ಎರಕದ ಕಾರ್ಖಾನೆಗಳೂ ಯಂತ್ರಶಾಲೆಗಳೂ ಇವೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಇಂಥ ಕಡೆಗಳಲ್ಲಿಯೇ ಕೆಲಸಕ್ಕೆ ನಿಲ್ಲುವವರು. ಅಲ್ಲಿ ಅವರ ಕೈಗೆ ಬರುವ ಮೊದಲ ಪ್ರಶ್ನೆಗಳಲ್ಲಿ ಒಂದು ಇದು: ಈ ರಂಧ್ರದ ಒಳವ್ಯಾಸವೆಷ್ಟು?

ಪ್ರಶ್ನೆ ಸುಲಭವೆಂದು ತೋರಬಹುದು. ೫೦ ಮಿಲಿಮೀಟರ್ ವ್ಯಾಸದ ಒಂದು ರಂಧ್ರವನ್ನು ತೆಗೆದುಕೊಳ್ಳೋಣ. ಬಹುವಾಗಿ ಬಳಕೆಯಲ್ಲಿರುವ ಎಚ್-೭ ಎಂಬ ದರ್ಜೆಯ ಪ್ರಕಾರ ಅದರ ವ್ಯಾಸವು ೫೦.೦೦೦ ಮಿ.ಮೀ.ಗಿಂತ ಕಡಮೆಯಾಗಕೂಡದು, ೫೦.೦೨೫ ಮಿ.ಮೀ.ಯನ್ನು ಮೀರಕೂಡದು. ಈ ಅಂತರಕ್ಕೆ ಕಾರ್ಖಾನೆಯವರು ಟಾಲರೆನ್ಸ್ ಎನ್ನುತ್ತಾರೆ. ಅದು ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಚಿಕ್ಕದು. ಅಳತೆಯ ಅನಿಶ್ಚಿತತೆಯು ಟಾಲರೆನ್ಸಿನ ಹತ್ತನೆಯ ಒಂದು ಭಾಗದಷ್ಟಿರಬೇಕೆಂಬುದು ರೂಢಿಯ ಸೂತ್ರ. ಎಂದರೆ ಇಲ್ಲಿ ಸುಮಾರು ೦.೦೦೨೫ ಮಿ.ಮೀ. ಪ್ರಯೋಗಶಾಲೆಯಲ್ಲಿ ನಾವು ಬಳಸುವ ವರ್ನಿಯರ್ ಕ್ಯಾಲಿಪರಿನ ಕನಿಷ್ಠ ಅಳತೆಯೇ ೦.೦೨ ಮಿ.ಮೀ. ಆದ್ದರಿಂದ ಈ ಕೆಲಸಕ್ಕೆ ಅದು ಒದಗದು.

ಹೊರವ್ಯಾಸಕ್ಕಿಂತ ಒಳವ್ಯಾಸವನ್ನು ಅಳೆಯುವುದು ಕಷ್ಟ. ಕಾರಣವನ್ನು ರೇಖಾಗಣಿತದಲ್ಲಿ ಕಾಣಬಹುದು. ಎರಡು ತುದಿಗಳ ಒಂದು ಮಾಪಕವನ್ನು ರಂಧ್ರದೊಳಗೆ ಇಟ್ಟಿದ್ದೇವೆಂದುಕೊಳ್ಳಿ. ಅದು ರಂಧ್ರದ ಅಕ್ಷದತ್ತ ಎರಡೇ ಡಿಗ್ರಿಗಳಷ್ಟು ವಾಲಿದರೂ ೫೦ ಮಿ.ಮೀ. ವ್ಯಾಸವು ೦.೦೩೦ ಮಿ.ಮೀ.ನಷ್ಟು ಹೆಚ್ಚಾಗಿ ಕಾಣುತ್ತದೆ. ವಾಲದೆ, ಕೇಂದ್ರದಿಂದ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ ವ್ಯಾಸದ ಬದಲು ಜ್ಯಾ ದೊರೆತು, ಅಳತೆಯು ೦.೦೪೦ ಮಿ.ಮೀ.ನಷ್ಟು ಕಡಮೆಯಾಗುತ್ತದೆ. ಎರಡು ದೋಷಗಳೂ ಟಾಲರೆನ್ಸಿಗಿಂತ ದೊಡ್ಡವು! ಡಯಲ್ ಬೋರ್ ಗೇಜಿನಲ್ಲಿ ಎರಡನೆಯ ದೋಷವನ್ನು ತಡೆಯಲು ಕೇಂದ್ರದಲ್ಲಿ ನಿಲ್ಲಿಸುವ ಆಸರೆಯಿದೆ. ಮೊದಲನೆಯದನ್ನು ಕೈಯೇ ತಡೆಯಬೇಕು: ಹಿಡಿಯನ್ನು ಮೆಲ್ಲನೆ ಅತ್ತಿತ್ತ ತೂಗಿದಾಗ ಮುಳ್ಳು ಒಂದೆಡೆ ಬಂದು ಹಿಂದಿರುಗುತ್ತದೆ, ಅದು ಹಿಂದಿರುಗುವ ಕನಿಷ್ಠ ಸ್ಥಾನವೇ ನಿಜವಾದ ವ್ಯಾಸ.

ಇನ್ನು ರಂಧ್ರವು ಪೂರ್ಣ ವೃತ್ತವೇ ಆಗಿರುವುದೆಂಬ ಭರವಸೆಯಿಲ್ಲ. ಎಂಜಿನ್ನಿನ ಸಿಲಿಂಡರು ಸವೆಯುವಾಗ, ಪಿಸ್ಟನ್ನು ಪಕ್ಕಕ್ಕೆ ಒತ್ತುವ ದಿಕ್ಕಿನಲ್ಲಿ ಹೆಚ್ಚು ಸವೆದು ಅಂಡಾಕಾರ ತಾಳುತ್ತದೆ. ತೆಳುವಾದ ಬಳೆಯನ್ನು ಮೂರು ದವಡೆಗಳ ಚಕ್ಕಿನಲ್ಲಿ ಬಿಗಿಯಾಗಿ ಹಿಡಿದು ಕೊರೆದರೆ, ಬಿಡಿಸಿದ ಮೇಲೆ ಅದರ ರಂಧ್ರ ಮೂರು ಮೂಲೆಗಳತ್ತ ಉಬ್ಬುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ೧೨೦ ಡಿಗ್ರಿಗಳ ಅಂತರದಲ್ಲಿ ಮೂರು ಕಡೆ ಮುಟ್ಟುವ ಒಳ ಮೈಕ್ರೋಮೀಟರು ಅಂಡಾಕಾರವನ್ನು ಕಾಣಲಾರದು. ಹೆಚ್ಚು ಕಡಮೆಗಳು ಸರಿಹೋಗಿ ಸರಾಸರಿಯಷ್ಟೇ ದೊರೆಯುತ್ತದೆ. ಎರಡು ಕಡೆ ಮುಟ್ಟುವ ಮಾಪಕವಾದರೋ ಮೂರು ಉಬ್ಬುಗಳನ್ನು ಕಾಣದು. ಒಂದು ಬದಿಯ ಉಬ್ಬಿಗೆ ಎದುರು ಬದಿಯ ತಗ್ಗು ಸರಿಹೋಗುತ್ತದೆ. ಆದುದರಿಂದ ಸವೆದ ಸಿಲಿಂಡರಿಗೆ ಎರಡು ಸ್ಪರ್ಶದ ಬೋರ್ ಗೇಜೂ, ಚಕ್ಕಿನಿಂದ ಬಂದ ಬಳೆಗೆ ಮೂರು ಸ್ಪರ್ಶದ ಮೈಕ್ರೋಮೀಟರೂ ತಕ್ಕವು. ಬೆಲೆ ಹೆಚ್ಚಿನದೇ ಉತ್ತಮವೆಂಬ ನಿಯಮ ಇಲ್ಲಿ ನಡೆಯದು.

ಒಂದೇ ಅಳತೆಯ ನೂರಾರು ಬಿಡಿಭಾಗಗಳನ್ನು ಪರೀಕ್ಷಿಸಬೇಕಾದಲ್ಲಿ, ವ್ಯಾಸವೆಷ್ಟೆಂದು ತಿಳಿಯುವ ಅಗತ್ಯವೇ ಇಲ್ಲದಿರಬಹುದು. ಆಗ ‘ಹೋಗು–ನಿಲ್ಲು’ ಪ್ಲಗ್ ಗೇಜು ಸಾಕು: ಅದರ ಒಂದು ತುದಿ ರಂಧ್ರದಲ್ಲಿ ಇಳಿಯಬೇಕು, ಇನ್ನೊಂದು ಇಳಿಯಬಾರದು. ತಳ ಮುಚ್ಚಿದ ರಂಧ್ರವಾದರೆ, ತುದಿಯವರೆಗೂ ಮುಟ್ಟಬಲ್ಲ ಉಪಕರಣವೇ ಎಂದು ಕೊಳ್ಳುವ ಮೊದಲೇ ವಿಚಾರಿಸತಕ್ಕದ್ದು.

ಕೊಳ್ಳುವಾಗ ನಾನೇ ಒಮ್ಮೆ ಎಡವಿದ್ದೇನೆ. ಕಾಲೇಜಿನ ಪ್ರಯೋಗಶಾಲೆಗೆಂದು ೦.೦೦೧ ಮಿ.ಮೀ.ವರೆಗೆ ಓದಬಲ್ಲ ಒಳ ಮೈಕ್ರೋಮೀಟರನ್ನು ಆರಿಸಿದೆ. ಹಣ ಉಳಿಯಲೆಂದು ಅದರ ಜೊತೆಗೆ ಬರುವ ಪ್ರಮಾಣಬಳೆಯನ್ನು ಬಿಟ್ಟೆ. ಮುಂದಿನ ವರ್ಷ ವಿದ್ಯಾರ್ಥಿಯೊಬ್ಬನು, “ಸರ್, ಇದು ಹೇಳುತ್ತಿರುವುದು ನಿಜವೆಂದು ನಮಗೆ ಹೇಗೆ ಗೊತ್ತು?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಕನಿಷ್ಠ ಅಳತೆಯೇ ಬೇರೆ, ನಿಖರತೆಯೇ ಬೇರೆ ಎಂದು ತರಗತಿಯಲ್ಲಿ ಪಾಠ ಹೇಳುವ ನಾನು, ಅಂಗಡಿಯಲ್ಲಿ ಅದನ್ನು ಮರೆತಿದ್ದೆ. ವ್ಯಾಸ ತಿಳಿದಿರುವ ಪ್ರಮಾಣಬಳೆ, ಮತ್ತು ಆ ಬಳೆಯನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಾನಕಗಳಿಗೆ ಸರಪಣಿಯಂತೆ ಜೋಡಿಸುವ ಪ್ರಮಾಣಪತ್ರ, ಇವೆರಡೂ ಇಲ್ಲದ ಸೂಕ್ಷ್ಮಮಾಪಕವು ಸೊಗಸಾದ ಪೆಟ್ಟಿಗೆಯಲ್ಲಿರುವ ಒಡವೆಯಷ್ಟೆ.

ಕೊನೆಗೆ ತಾಪದ ಮಾತು. ಉದ್ದದ ಅಳತೆಗಳೆಲ್ಲವೂ ೨೦ ಡಿಗ್ರಿ ಸೆಲ್ಸಿಯಸಿಗೆ ಅನ್ವಯಿಸುತ್ತವೆ. ಅಲ್ಯೂಮಿನಿಯಮ್ಮಿನ ಭಾಗವೊಂದು ಯಂತ್ರದಿಂದ ೪೦ ಡಿಗ್ರಿಗಳಲ್ಲಿ ಹೊರಬಂದರೆ, ಅದರ ೫೦ ಮಿ.ಮೀ. ರಂಧ್ರವು ೦.೦೨೩ ಮಿ.ಮೀ.ನಷ್ಟು ಹಿಗ್ಗಿರುತ್ತದೆ, ಟಾಲರೆನ್ಸಿನ ಬಹುಭಾಗ ಅಷ್ಟರಲ್ಲೇ ಮುಗಿದಂತೆ. ನಮ್ಮ ಊರಿನ ಬೇಸಗೆಯಲ್ಲಿ ಭಾಗವನ್ನೂ ಬಳೆಯನ್ನೂ ಮಾಪಕವನ್ನೂ ಒಂದೇ ಮೇಜಿನ ಮೇಲೆ ಕೆಲಕಾಲ ಇಟ್ಟು, ಮೂರಕ್ಕೂ ಒಂದೇ ತಾಪ ಬಂದ ಬಳಿಕ ಅಳೆಯುವುದು ಲೇಸು. ಮೂರೂ ಉಕ್ಕಿನವಾಗಿದ್ದರೆ ಹಿಗ್ಗುವಿಕೆಯು ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ಭಾಗವು ಬೇರೆ ಲೋಹದ್ದಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಹೀಗೆ, ಅಂಗಡಿಗೆ ಹೋಗುವ ಮುನ್ನ ಕೇಳಿಕೊಳ್ಳಬೇಕಾದವು ನಾಲ್ಕು ಪ್ರಶ್ನೆಗಳು: ಟಾಲರೆನ್ಸ್ ಎಷ್ಟು? ರಂಧ್ರದ ಆಕಾರ ಕೆಡುವ ಸಂಭವ ಎಂಥದು? ಅಳೆಯಬೇಕಾದವು ಎಷ್ಟು? ಮಾಪಕವನ್ನೇ ಅಳೆಯುವುದು ಯಾವುದರಿಂದ? ಇವಕ್ಕೆ ಉತ್ತರ ಬರೆದಿಟ್ಟುಕೊಂಡವನಿಗೆ ಉಪಕರಣದ ಆಯ್ಕೆ ಕಷ್ಟವಲ್ಲ.